ನಾಲ್ಕು ಹೊಡೆತದ ಚಿತ್ರ ಮತ್ತು ಕವಾಟಗಳ ವೇಳೆ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಿಂದ ಹಿಡಿದು ಐಟಿಐ ತರಗತಿಯ ಗೋಡೆಪಟದವರೆಗೆ ಒಂದು ಚಿತ್ರ ನಿಮಗೆ ಚಿರಪರಿಚಿತ. ಸಾಲಾಗಿ ನಾಲ್ಕು ಸಿಲಿಂಡರುಗಳು, ಕೆಳಗೆ ಹೀರಿಕೆ, ಸಂಪೀಡನ, ಶಕ್ತಿ, ನಿಷ್ಕಾಸ ಎಂಬ ನಾಲ್ಕು ಹೆಸರುಗಳು. ಮೊದಲನೆಯದರಲ್ಲಿ ಒಳಕವಾಟ ತೆರೆದಿರುತ್ತದೆ, ಕೊನೆಯದರಲ್ಲಿ ಹೊರಕವಾಟ. ನಡುವಿನ ಎರಡರಲ್ಲಿ ಎರಡೂ ಮುಚ್ಚಿರುತ್ತವೆ. ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಈ ಚಿತ್ರವನ್ನು ಒಮ್ಮೆ ವಿಮರ್ಶೆಯ ಕಣ್ಣಿನಿಂದ ನೋಡೋಣ.

ಚಿತ್ರದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. 1876ರಲ್ಲಿ ನಿಕೊಲಾಸ್ ಒಟ್ಟೊ ಕಾರ್ಯರೂಪಕ್ಕೆ ತಂದ ಆವರ್ತವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ. ಪಿಸ್ಟನ್ ನಾಲ್ಕು ಸಲ ಚಲಿಸುವಷ್ಟರಲ್ಲಿ ಕ್ರ್ಯಾಂಕ್‌ಷಾಫ್ಟ್ ಎರಡು ಸುತ್ತು, ಕ್ಯಾಮ್‌ಷಾಫ್ಟ್ ಒಂದು ಸುತ್ತು ತಿರುಗುತ್ತದೆ ಎಂಬುದು ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಆದರೆ ಈ ಚಿತ್ರ ಹೇಳದೆಯೇ ಇನ್ನೊಂದು ಮಾತನ್ನೂ ಕಲಿಸಿಬಿಡುತ್ತದೆ: ಹೊಡೆತ ಶುರುವಾದಾಗ ಕವಾಟ ತೆರೆಯುತ್ತದೆ, ಹೊಡೆತ ಮುಗಿದಾಗ ಮುಚ್ಚುತ್ತದೆ ಎಂಬುದನ್ನು. ಚಿತ್ರ ತೋರಿಸುವ ಕ್ರಮ ಸರಿ, ಕಲಿಸುವ ವೇಳೆ ಮಾತ್ರ ತಪ್ಪು.

ಎಷ್ಟು ತಪ್ಪು? ನಮ್ಮ ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿರುವ ಕಿರ್ಲೋಸ್ಕರ್ ಟಿವಿ1 ಎಂಬ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಇದರ ವ್ಯಾಸ 87.5 ಮಿಮೀ, ಹೊಡೆತ 110 ಮಿಮೀ, ವೇಗ ನಿಮಿಷಕ್ಕೆ 1500 ಸುತ್ತು. ಪಿಸ್ಟನ್ ಮೇಲಕ್ಕೇರಿ ದಿಕ್ಕು ಬದಲಿಸುವ ತುದಿಯನ್ನು ಮೇಲಿನ ಮೃತಬಿಂದು ಎಂದೂ, ಕೆಳಗಿನದನ್ನು ಕೆಳ ಮೃತಬಿಂದು ಎಂದೂ ಕರೆಯುತ್ತೇವೆ. ಈ ಎಂಜಿನ್ನಿನ ಒಳಕವಾಟ ಮೇಲಿನ ಮೃತಬಿಂದುವಿಗೆ 4.5 ಡಿಗ್ರಿ ಮೊದಲೇ ತೆರೆದು, ಕೆಳ ಮೃತಬಿಂದುವನ್ನು ದಾಟಿ 35.5 ಡಿಗ್ರಿಯಾದ ಮೇಲೆ ಮುಚ್ಚುತ್ತದೆ. ಹೊರಕವಾಟ ಕೆಳ ಮೃತಬಿಂದುವಿಗೆ 35.5 ಡಿಗ್ರಿ ಮೊದಲು ತೆರೆದು, ಮೇಲಿನದನ್ನು 4.5 ಡಿಗ್ರಿ ದಾಟಿ ಮುಚ್ಚುತ್ತದೆ. ಪಠ್ಯದ ಚಿತ್ರದ ಪ್ರಕಾರ ಪ್ರತಿ ಕವಾಟ 180 ಡಿಗ್ರಿ ತೆರೆದಿರಬೇಕು, ಇಲ್ಲಿ ಅದು 220 ಡಿಗ್ರಿ. ನಿಧಾನಗತಿಯ ಎಂಜಿನ್ನಿನಲ್ಲೇ ಇಷ್ಟು ವ್ಯತ್ಯಾಸವಿದೆ. ವೇಗದ ಪೆಟ್ರೋಲ್ ಎಂಜಿನ್ನುಗಳಲ್ಲಿ ಇದು ಇನ್ನೂ ಹೆಚ್ಚು.

ಕಾರಣ ಸರಳ: ಗಾಳಿಗೂ ದ್ರವ್ಯರಾಶಿಯಿದೆ. 1500 ಸುತ್ತಿನಲ್ಲಿ ಒಂದು ಹೊಡೆತಕ್ಕೆ ಸಿಗುವ ಕಾಲ 20 ಮಿಲಿಸೆಕೆಂಡು. 8000 ಸುತ್ತಿನಲ್ಲಿ ಅದು 3.75 ಮಿಲಿಸೆಕೆಂಡು ಮಾತ್ರ. ಒಮ್ಮೆ ವೇಗ ಪಡೆದ ಗಾಳಿಯ ಕಂಬ ಪಿಸ್ಟನ್ ನಿಂತ ಕೂಡಲೇ ನಿಲ್ಲುವುದಿಲ್ಲ, ಜಡತ್ವದಿಂದ ಒಳನುಗ್ಗುತ್ತಲೇ ಇರುತ್ತದೆ. ಹೀಗಿರುವಾಗ ಬಾಗಿಲನ್ನು ತುಸು ತಡವಾಗಿ ಮುಚ್ಚುವುದೇ ಲಾಭ. ಅದರಿಂದ ಆಗುವ ನಷ್ಟವೂ ಅಲ್ಪ. ಮೃತಬಿಂದುವಿನ ಬಳಿ ಪಿಸ್ಟನ್ ಬಹಳ ನಿಧಾನವಾಗಿ ಚಲಿಸುತ್ತದೆ. ಮೇಲಿನ ಡೀಸೆಲ್ ಎಂಜಿನ್ನಿನಲ್ಲಿ ಕ್ರ್ಯಾಂಕ್ 35.5 ಡಿಗ್ರಿ ತಿರುಗಿದರೂ ಪಿಸ್ಟನ್ ಮೇಲೇರುವುದು 110 ಮಿಮೀಯಲ್ಲಿ ಸುಮಾರು 8 ಮಿಮೀ ಮಾತ್ರ. ಸಂಪರ್ಕದಂಡದ ಉದ್ದವನ್ನು 234 ಮಿಮೀ ಎಂದು ತೆಗೆದುಕೊಂಡು ತ್ರಿಕೋನಮಿತಿಯಿಂದ ನೀವೇ ಲೆಕ್ಕ ಮಾಡಿ ನೋಡಬಹುದು.

ಇಲ್ಲೊಂದು ಚಾರಿತ್ರಿಕ ವಿನೋದವೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಅನೇಕ ವಾಹನ ಎಂಜಿನ್ನುಗಳಲ್ಲಿ ಒಳಕವಾಟಕ್ಕೆ ಕ್ಯಾಮ್ ಇರಲಿಲ್ಲ. ಒಂದು ಹಗುರ ಸ್ಪ್ರಿಂಗು ಅದನ್ನು ಮುಚ್ಚಿಟ್ಟಿರುತ್ತಿತ್ತು, ಪಿಸ್ಟನ್ನಿನ ಹೀರಿಕೆಯಿಂದ ಅದು ತಾನಾಗಿ ತೆರೆಯುತ್ತಿತ್ತು. ಒಳಕವಾಟದ ಮಟ್ಟಿಗೆ ನಮ್ಮ ಪುಸ್ತಕದ ಚಿತ್ರ ಹೊಂದುವುದು ಅಂಥ ಎಂಜಿನ್ನಿಗೆ. ವೇಗ ಹೆಚ್ಚಬೇಕಾದಾಗ ಈ ವ್ಯವಸ್ಥೆ ಸಾಲದೆ ಒಳಕವಾಟವೂ ಕ್ಯಾಮಿನ ಹಿಡಿತಕ್ಕೆ ಬಂತು. ಚಿತ್ರ ಮಾತ್ರ ಹಿಂದೆಯೇ ಉಳಿಯಿತು.

ಇದರಿಂದ ಯಾರಿಗೇನು ತೊಂದರೆ ಎಂದು ನೀವು ಕೇಳಬಹುದು. ವಿಜಯಪುರ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯಲ್ಲಿರುವ ದೇವಣಗಾಂವದಂಥ ಊರನ್ನು ನೆನೆಯಿರಿ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಹೊಲದ ದಾರಿಯಲ್ಲಿ ಬೈಕಿಗೆ ಬೇಕಾದದ್ದು ಗರಿಷ್ಠ ವೇಗವಲ್ಲ, ನಿಧಾನದಲ್ಲಿ ಸಿಗುವ ಎಳೆತ. ಡಾಂಬರು ರಸ್ತೆ, ಮಣ್ಣಿನ ದಾರಿ ಎರಡಕ್ಕೂ ಒಗ್ಗುವಂತೆ ಮಾಡಿದ ಡ್ಯುಯಲ್ ಸ್ಪೋರ್ಟ್ ಬೈಕುಗಳು ನಮ್ಮ ದೇಶದಲ್ಲೂ ಬಂದಿವೆ. 2011ರ ಹೀರೊ ಇಂಪಲ್ಸ್, 2019ರ ಹೀರೊ ಎಕ್ಸ್‌ಪಲ್ಸ್ 200 ಇದಕ್ಕೆ ಉದಾಹರಣೆ. ಇಂಥ ಸಣ್ಣ ಎಂಜಿನ್ನು ಗರಿಷ್ಠ ಶಕ್ತಿ ಕೊಡುವುದು 8000 ಸುತ್ತಿನ ಆಸುಪಾಸಿನಲ್ಲಿ, ಹೊಲದ ದಾರಿಯಲ್ಲಿ ಅದು ತಿರುಗುವುದು ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ. ಒಂದೇ ಕ್ಯಾಮ್ ಎರಡೂ ಕೆಲಸ ಮಾಡಬೇಕು. ಒಳಕವಾಟ ಬೇಗ ಮುಚ್ಚಿದರೆ ಕಡಿಮೆ ವೇಗದಲ್ಲಿ ಎಳೆತ ಹೆಚ್ಚು, ತಡವಾಗಿ ಮುಚ್ಚಿದರೆ ಹೆಚ್ಚಿನ ವೇಗದಲ್ಲಿ ಶಕ್ತಿ ಹೆಚ್ಚು. ಕ್ಯಾಮಿನ ವೇಳೆ ಹೊಂದಿಸುವುದೆಂದರೆ ಈ ಎರಡರ ನಡುವೆ ಒಂದು ರಾಜಿ.

ಪುಸ್ತಕದ ಚಿತ್ರವನ್ನಷ್ಟೇ ಬಲ್ಲ ವಿದ್ಯಾರ್ಥಿಗೆ ಇಲ್ಲಿ ಪ್ರಶ್ನೆಯೇ ಹುಟ್ಟುವುದಿಲ್ಲ. ಕವಾಟ ಹೊಡೆತದ ಕೊನೆಗೆ ಮುಚ್ಚಲೇಬೇಕೆಂದಾದರೆ ಹೊಂದಿಸಲು ಏನು ಉಳಿಯಿತು? ಮುಂದೆ ಅವನು ಗ್ಯಾರೇಜು ಸೇರಿದಾಗ ಅಲ್ಲಿ ಸಿಗುವುದು ಎರಡು ಮಾತು. ಒಂದು, ಗುರುತಿಗೆ ಗುರುತು ಕೂಡಿಸು. ಇನ್ನೊಂದು, ಪಿಕಪ್ ಬೇಕಾದರೆ ಒಂದು ಹಲ್ಲು ಸರಿಸು. ಮೊದಲನೆಯದು ಸರಿಯಾದ ಸಲಹೆ, ಆದರೆ ಕಾರಣ ಹೇಳುವುದಿಲ್ಲ. ಎರಡನೆಯದು ಅಪಾಯಕಾರಿ. ಏಕೆಂದು ಲೆಕ್ಕವೇ ಹೇಳುತ್ತದೆ.

ಕ್ಯಾಮಿನ ಹಲ್ಲುಚಕ್ರಕ್ಕೆ 34 ಹಲ್ಲುಗಳಿವೆ ಎನ್ನಿ. ಒಂದು ಹಲ್ಲು ಎಂದರೆ ಕ್ಯಾಮಿನಲ್ಲಿ 10.6 ಡಿಗ್ರಿ, ಕ್ರ್ಯಾಂಕಿನಲ್ಲಿ ಅದರ ಎರಡರಷ್ಟು, ಸುಮಾರು 21 ಡಿಗ್ರಿ. ಹೊಡೆತ 58 ಮಿಮೀ, ಸಂಪರ್ಕದಂಡ 105 ಮಿಮೀ, ಸಂಪೀಡನ ಅನುಪಾತ 10 ಇರುವ ಒಂದು ಎಂಜಿನ್ನನ್ನು ಊಹಿಸಿಕೊಳ್ಳಿ. ಒಳಕವಾಟ ಕೆಳ ಮೃತಬಿಂದುವಿನ ನಂತರ 50 ಡಿಗ್ರಿಗೆ ಮುಚ್ಚುವಾಗ ಪಿಸ್ಟನ್ ಆಗಲೇ 8 ಮಿಮೀ ಏರಿರುತ್ತದೆ. ಹೀಗಾಗಿ ವಾಸ್ತವದ ಸಂಪೀಡನ ಅನುಪಾತ ಸುಮಾರು 8.8. ಚೈನು ಒಂದು ಹಲ್ಲು ತಪ್ಪಿ ಕ್ಯಾಮ್ ಹಿಂದೆ ಬಿದ್ದರೆ ಕವಾಟ ಮುಚ್ಚುವುದು 71 ಡಿಗ್ರಿಗೆ. ಆಗ ಪಿಸ್ಟನ್ 16 ಮಿಮೀ ಏರಿರುತ್ತದೆ, ಅಂದರೆ ಹೊಡೆತದ ಕಾಲುಭಾಗಕ್ಕೂ ಹೆಚ್ಚು. ಅನುಪಾತ 7.5ಕ್ಕೆ ಇಳಿಯುತ್ತದೆ. ಕಡಿಮೆ ವೇಗದಲ್ಲಿ ಒಳಬಂದ ಮಿಶ್ರಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಬೈಕು ಸ್ಟಾರ್ಟ್ ಆಗಲು ಒದ್ದಾಡಿದರೆ ಆಶ್ಚರ್ಯವಿಲ್ಲ.

ಅಷ್ಟೇ ಅಲ್ಲ. ಕ್ಯಾಮ್ ಹಿಂದೆ ಬಿದ್ದರೆ ಹೊರಕವಾಟ ಮುಚ್ಚುವುದು ತಡವಾಗಿ, ಇಳಿಯತೊಡಗಿದ ಪಿಸ್ಟನ್ನಿಗೂ ಅದಕ್ಕೂ ನಡುವಿನ ಅಂತರ ಕಿರಿದಾಗುತ್ತದೆ. ಮುಂದೆ ಸರಿಸಿದರೆ ಒಳಕವಾಟ ಬೇಗ ತೆರೆದು ಏರಿಬರುವ ಪಿಸ್ಟನ್ನಿಗೆ ಎದುರಾಗುತ್ತದೆ. ಅಂತರ ಸಾಲದಿದ್ದರೆ ಕವಾಟದ ಕಾಂಡ ಬಾಗುತ್ತದೆ, ಹೆಡ್ ಬಿಚ್ಚುವ ಖರ್ಚು ಬೈಕಿನ ಒಡೆಯನ ತಲೆಯ ಮೇಲೆ ಬೀಳುತ್ತದೆ. ಒಂದೇ ಕ್ಯಾಮ್‌ಷಾಫ್ಟ್ ಇರುವ ಎಂಜಿನ್ನಿನಲ್ಲಿ ಒಳ, ಹೊರ ಎರಡೂ ಕವಾಟಗಳ ವೇಳೆ ಒಟ್ಟಿಗೇ ಸರಿಯುತ್ತದೆ ಎಂಬುದನ್ನೂ ಮರೆಯಬಾರದು. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಸ್ವಲ್ಪ ಕಳೆದುಕೊಳ್ಳುತ್ತೇವೆ.

ಆದ್ದರಿಂದಲೇ ಪಳಗಿದವರು ಹಲ್ಲು ಸರಿಸುವುದಿಲ್ಲ. ಹಲ್ಲುಚಕ್ರದ ಬೋಲ್ಟಿನ ರಂಧ್ರವನ್ನು ಉದ್ದವಾಗಿಸಿ ಚೂರುಚೂರೇ ತಿರುಗಿಸುತ್ತಾರೆ. ಬೋಲ್ಟು ಕೇಂದ್ರದಿಂದ 18 ಮಿಮೀ ದೂರದಲ್ಲಿದ್ದರೆ ಒಂದು ಮಿಮೀ ಸರಿಕೆ ಕ್ರ್ಯಾಂಕಿನಲ್ಲಿ 6.4 ಡಿಗ್ರಿಗೆ ಸಮ. ಇದನ್ನು ಕಣ್ಣಂದಾಜಿನಲ್ಲಿ ಮಾಡುವಂತಿಲ್ಲ. ರಸ್ತೆಯ ಬೈಕಿನಲ್ಲಿ ಇದನ್ನು ಮಾಡದಿರುವುದೇ ಲೇಸು. 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್ 6 ಮಾನಕಕ್ಕೆ ಹೊಂದುವ ಎಂಜಿನ್ನುಗಳಲ್ಲಿ ಇಂಧನದ ಲೆಕ್ಕ, ಕವಾಟಗಳ ವೇಳೆ, ಹೊಗೆಯ ಪ್ರಮಾಣ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ.

ಯಾರೂ ಮುಟ್ಟದಿದ್ದರೂ ವೇಳೆ ತಾನಾಗಿ ಸರಿಯುತ್ತದೆ ಎಂಬುದು ಇನ್ನೂ ಮುಖ್ಯ. ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾದ 6.35 ಮಿಮೀ ಅಂತರದ ಕೊಂಡಿಗಳ ಚೈನು 34 ಹಲ್ಲಿನ ಚಕ್ರವನ್ನು ಒಮ್ಮೆ ಬಳಸಲು ಸುಮಾರು 216 ಮಿಮೀ ಬೇಕು. ಚೈನಿನ ಎಳೆಯುವ ಬದಿ ಸವೆದು ಒಂದು ಮಿಮೀ ಉದ್ದವಾದರೆ ಕ್ಯಾಮ್ ಕ್ರ್ಯಾಂಕಿನ ಲೆಕ್ಕದಲ್ಲಿ 3.3 ಡಿಗ್ರಿ ಹಿಂದೆ ಬೀಳುತ್ತದೆ. ಟೆನ್ಷನರು ಸಡಿಲವನ್ನು ಬಿಗಿಮಾಡುತ್ತದೆ, ಸದ್ದನ್ನು ಅಡಗಿಸುತ್ತದೆ, ಆದರೆ ಹಿಂದೆ ಬಿದ್ದ ವೇಳೆಯನ್ನು ಮುಂದಕ್ಕೆ ತರುವುದಿಲ್ಲ. ಹಳೆಯ ಬೈಕಿನ ಎಳೆತ ಕುಂದಲು ಇದೂ ಒಂದು ಕಾರಣ. ಪುಸ್ತಕದ ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ.

ಶಿಕ್ಷಕರು ಒಂದು ಆಕ್ಷೇಪ ಎತ್ತಬಹುದು: ಶಾಲೆಯ ಮಟ್ಟದಲ್ಲಿ ಸರಳೀಕರಣ ಬೇಡವೆ? ಖಂಡಿತ ಬೇಕು. ಅದೇ ಪುಸ್ತಕ ಯಂತ್ರಶಾಸ್ತ್ರದ ಪಾಠದಲ್ಲಿ ಘರ್ಷಣೆಯನ್ನು ಉಪೇಕ್ಷಿಸಿದೆ ಎಂದು ಪ್ರಾಮಾಣಿಕವಾಗಿ ಹೇಳುತ್ತದೆ. ಎಂಜಿನ್ನಿನ ಪಾಠದಲ್ಲಿ ಮಾತ್ರ ಅಂಥ ಒಂದು ವಾಕ್ಯವೂ ಕಾಣುವುದಿಲ್ಲ. ನನ್ನ ಆಕ್ಷೇಪ ಸರಳೀಕರಣಕ್ಕಲ್ಲ, ಅದನ್ನು ಸತ್ಯವೆಂಬಂತೆ ಬಿಟ್ಟುಬಿಡುವುದಕ್ಕೆ. ಹೀರಿಕೆ ಹೊಡೆತದ ಅಂತ್ಯದಲ್ಲಿ ಒಳಕವಾಟ ಹೇಗಿರುತ್ತದೆ ಎಂದು ಕೇಳಿದರೆ, ತೆರೆದಿರುತ್ತದೆ ಎಂದು ಬರೆದ ವಿದ್ಯಾರ್ಥಿಗೆ ಅಂಕ ಹೋಗಬಾರದು. ಎಂಜಿನ್ನು ಅವನ ಪಕ್ಷದಲ್ಲಿದೆ.

ಗುಜರಿಯಿಂದ ಒಂದು ಹಳೆಯ ಬೈಕ್ ಎಂಜಿನ್ನು ಸಿಕ್ಕರೆ ಇದನ್ನು ತರಗತಿಯಲ್ಲೇ ತೋರಿಸಬಹುದು. ಕ್ರ್ಯಾಂಕಿನ ತುದಿಗೆ 360 ಡಿಗ್ರಿಯ ಕಾಗದದ ಕೋನಮಾಪಕ ಅಂಟಿಸಿ, ಒಂದು ತಂತಿಯನ್ನು ಮುಳ್ಳಾಗಿ ಕಟ್ಟಿ. ಮೇಲಿನ ಮೃತಬಿಂದುವನ್ನು ಕಣ್ಣಿನಿಂದ ಗುರುತಿಸಲು ಹೋಗಬೇಡಿ. ಅಲ್ಲಿ ಕ್ರ್ಯಾಂಕ್ 5 ಡಿಗ್ರಿ ತಿರುಗಿದರೂ ಪಿಸ್ಟನ್ ಇಳಿಯುವುದು ಸುಮಾರು 0.14 ಮಿಮೀ. ಬದಲಿಗೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಲ್ಲಿ ಒಂದು ತಡೆಬೋಲ್ಟು ಕೂಡಿಸಿ. ತಡೆಬೋಲ್ಟಿಗೆ ಎದುರಾಗದಂತೆ ಕವಾಟಗಳ ರಾಕರುಗಳನ್ನು ಮೊದಲೇ ಸಡಿಲಿಸಿಡಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಎರಡೂ ದಿಕ್ಕಿಗೆ ತಡೆ ಮುಟ್ಟುವವರೆಗೆ ತಿರುಗಿಸಿ, ಎರಡು ಅಂಕಿಗಳ ನಡುಬಿಂದುವನ್ನು ಗುರುತಿಸಿ. ಅದೇ ಮೃತಬಿಂದು. ಬೋಲ್ಟು ತೆಗೆದು, ರಾಕರುಗಳನ್ನು ಮೊದಲಿನಂತೆ ಹೊಂದಿಸಿ, ಪ್ರತಿ ಕವಾಟ ಅಲುಗಲು ಶುರುವಾಗುವ ಮತ್ತು ಕೂರುವ ಕೋನಗಳನ್ನು ಮಕ್ಕಳೇ ಬರೆದುಕೊಳ್ಳಲಿ.

ಆ ನಾಲ್ಕು ಅಂಕಿಗಳನ್ನು ಒಂದು ವೃತ್ತದ ಮೇಲೆ ಗುರುತಿಸಿದರೆ ಕವಾಟ ವೇಳೆಯ ನಕ್ಷೆ ಸಿದ್ಧ. ನಾಲ್ಕು ಹೊಡೆತದ ಚಿತ್ರವನ್ನು ಪುಸ್ತಕದಿಂದ ಕಿತ್ತುಹಾಕಬೇಕಿಲ್ಲ. ಅದರ ಪಕ್ಕದಲ್ಲಿ ಈ ನಕ್ಷೆಯೂ ಒಂದು ವಾಕ್ಯದ ಎಚ್ಚರಿಕೆಯೂ ಅಚ್ಚಾಗಲಿ. ಮುಂದಿನ ಮುದ್ರಣದವರೆಗೆ ಕಾಯದೆ, ನಿಮ್ಮ ತರಗತಿಯ ಕರಿಹಲಗೆಯ ಮೇಲೆ ಅದನ್ನು ನೀವೇ ಬರೆಯಬಹುದು.