ಚಾಕು ಕೆಂಪಾದರೆ ಸುಣ್ಣ ಸಾಲದು

ಕೈಪಿಡಿಯನ್ನು ರುಚಿಗಾಗಿ ಓದುವವರು ಲೋಕದಲ್ಲಿ ಕಡಿಮೆ. ಮಿಕ್ಸಿ ಕೊಂಡವರು ಪೆಟ್ಟಿಗೆ ಬಿಚ್ಚಿದ ಕೂಡಲೇ ಆ ಪುಟ್ಟ ಪುಸ್ತಕವನ್ನು ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿಗೆ ತುರುಕುತ್ತಾರೆ. ಮಿಕ್ಸಿ ಕೈಕೊಟ್ಟ ದಿನ ಅದು ಸಿಗುವುದಿಲ್ಲ. ನನಗೆ ಮೊದಲು ಬೇಕಾದದ್ದೇ ಆ ಪುಸ್ತಕ, ಅದರಲ್ಲೂ ಕೊನೆಯ ಪುಟಗಳು. ಏನು ಕೆಟ್ಟರೆ ಏನು ಮಾಡಬೇಕು ಎಂಬ ಕೋಷ್ಟಕ ಅಲ್ಲಿರುತ್ತದೆ. ಬರೆದವರು ಆ ಯಂತ್ರವನ್ನು ಕೈಯಾರೆ ಮುಟ್ಟಿದ್ದಾರೋ ಇಲ್ಲವೋ ಎಂಬುದು ಅಲ್ಲಿ ಬಯಲಾಗುತ್ತದೆ. ‘ಯಂತ್ರ ಚಾಲೂ ಆಗದಿದ್ದರೆ ಪ್ಲಗ್ ಹಾಕಿದ್ದೀರಾ ನೋಡಿ’ ಎಂಬಲ್ಲಿಗೆ ಕೋಷ್ಟಕ ಮುಗಿದಿದ್ದರೆ, ಮುಟ್ಟಿಲ್ಲ.

ಇದು ನನಗೆ ಚಟವೂ ಹೌದು, ಹೊಟ್ಟೆಪಾಡೂ ಹೌದು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದೇನೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಶಿವಮೊಗ್ಗಕ್ಕೆ ಬಂದವಳು ಮತ್ತೆ ವಾಪಸು ಹೋಗಲಿಲ್ಲ. ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು ವಿಚಾರಿಸುತ್ತಾರೆ. “ಸಾಫ್ಟ್‌ವೇರಾ? ಕೋಡ್ ಬರೀತೀಯೇನಮ್ಮಾ?” “ಇಲ್ಲ ಅತ್ತೆ, ಕೋಡ್ ಬರೆದೋರು ಏನು ಮಾಡಿದಾರೆ ಅಂತ ಬರೀತೀನಿ.” “ಅದನ್ನ ಅವರೇ ಬರಕೊಳಕ್ಕಾಗಲ್ವಾ?” ಇದೇ ಪ್ರಶ್ನೆಯನ್ನು ಕಂಪನಿಗಳಲ್ಲಿ ಲೆಕ್ಕ ನೋಡುವವರೂ ಪ್ರತಿ ವರ್ಷ ಕೇಳುತ್ತಾರೆ. ಹಾಗಾಗಿ ಅತ್ತೆಯ ಮೇಲೆ ನನಗೆ ಬೇಸರವಿಲ್ಲ.

ಕಸುಬು ಕಂಪ್ಯೂಟರಿನಷ್ಟೇ ಹಳೆಯದು. 1949ರಲ್ಲಿ ಅಮೆರಿಕದಲ್ಲಿ ಬೈನಾಕ್ ಎಂಬ ಕಂಪ್ಯೂಟರ್ ತಯಾರಾದಾಗ ಅದರ ಬಳಕೆದಾರರ ಕೈಪಿಡಿ ಬರೆದವರು ಜೋಸೆಫ್ ಚಾಪ್ಲಿನ್. 1971ರ ನವೆಂಬರ್ 3ರ ದಿನಾಂಕ ಹೊತ್ತ ಯೂನಿಕ್ಸ್ ಕೈಪಿಡಿ ನನ್ನ ಮೆಚ್ಚಿನ ಓದು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬ ಇಬ್ಬರು ತಾವೇ ಕಟ್ಟಿದ ವ್ಯವಸ್ಥೆಗೆ ತಾವೇ ಬರೆದದ್ದು. ಅದರಲ್ಲಿ ಒಂದೊಂದು ಆಜ್ಞೆಗೂ ಹೆಸರು, ಬಳಸುವ ಬಗೆ, ವಿವರಣೆ ಕೊಟ್ಟು, ಕೆಳಗೆ ‘ಬಗ್ಸ್’ ಎಂದೊಂದು ತಲೆಬರಹ ಇಡುತ್ತಿದ್ದರು. ನಾವು ಮಾಡಿದ್ದರಲ್ಲಿ ಇಂತಿಂಥ ಐಬು ಉಳಿದಿದೆ ಎಂದು ಮಾಡಿದವರೇ ಅಚ್ಚು ಹಾಕಿಸಿದ್ದಾರೆ! ಇಂದಿನ ಯಾವ ಮಾರ್ಕೆಟಿಂಗ್ ವಿಭಾಗವೂ ಇದಕ್ಕೆ ಸಹಿ ಹಾಕಲಿಕ್ಕಿಲ್ಲ.

ಆದರೂ, ನಾನು ಓದಿದ ಸೂಚನೆಗಳಲ್ಲಿ ಅತ್ಯುತ್ತಮ ಯಾವುದು ಎಂದು ಕೇಳಿದರೆ ಯೂನಿಕ್ಸ್ ಎನ್ನುವುದಿಲ್ಲ. ಬೋರ್ಡೋ ದ್ರಾವಣ ಎನ್ನುತ್ತೇನೆ. ತೋಟ ಇರುವ ಮನೆಯವರಿಗೆ ಇದು ಬಾಯಿಪಾಠ. ಪೇಟೆಯವರಿಗಾಗಿ ಹೇಳುತ್ತೇನೆ. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ, ಅದಕ್ಕೆ ಹೊಡೆಯುವುದು ಈ ದ್ರಾವಣ. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ ಮಿಯಾರ್ದೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದ ಔಷಧಿ ಅದು. ಅದನ್ನು ನಮ್ಮ ಮಲೆನಾಡಿನ ಅಡಿಕೆ ಕೊನೆಗಳಿಗೆ ದಾಟಿಸಿದವರಲ್ಲಿ ಮೊದಲ ಹೆಸರು ಲೆಸ್ಲಿ ಕೋಲ್ಮನ್ ಅವರದು. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದವರು. ಅಲ್ಲಿಯ ತನಕ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಉಪಾಯವಾಗಿತ್ತು.

ಶೇಕಡಾ 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಬೇರೆ ಬೇರೆ ಕಲಸಬೇಕು. ಲೋಹದ ಪಾತ್ರೆ ಕೂಡದು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಿರಬೇಕು. ಸುಣ್ಣವನ್ನು ತಂದು ಮೈಲುತುತ್ತಕ್ಕೆ ಸುರಿಯಬಾರದು. ಇಷ್ಟನ್ನು ಯಾರು ಬೇಕಾದರೂ ಬರೆದಾರು. ಮುಂದಿನ ಸಾಲು ನೋಡಿ: ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ, ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ, ಕೆಂಪು ಕೂರದಿದ್ದರೆ ಔಷಧಿ ಹೊಡೆಯಬಹುದು.

ಈ ಸಾಲಿಗೆ ನಾನು ಮರುಳಾಗಿದ್ದೇನೆ. ಸುಣ್ಣದೊಡನೆ ಸೇರದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ ಎಂಬ ರಸಾಯನಶಾಸ್ತ್ರ ಕೆಲಸ ಮಾಡುವವನಿಗೆ ಗೊತ್ತಿರಬೇಕಿಲ್ಲ. ಅಂಗಡಿಯ ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಿದ್ದೂ ದ್ರಾವಣ ಕೆಡುತ್ತದೆ, ಕೊನೆ ಸುಡುತ್ತದೆ. ಅದನ್ನೂ ಆ ಸಾಲು ಹಿಡಿಯುತ್ತದೆ. ಪರೀಕ್ಷೆಗೆ ಬೇಕಾದ ಸಲಕರಣೆ ತೋಟದಲ್ಲೇ ಇದೆ. ಹೌದೋ ಅಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ, ಅಲ್ಲ ಎಂದಾದರೆ ಮುಂದೇನು ಎಂಬುದೂ ಅಲ್ಲೇ ಇದೆ.

ಸಾಫ್ಟ್‌ವೇರ್ ಕೈಪಿಡಿಗಳಲ್ಲಿ ಕಾಣೆಯಾಗುವುದು ಈ ಚಾಕು. ‘ಇದನ್ನು ಮಾಡಿ, ಅದನ್ನು ಮಾಡಿ’ ಎಂದು ಹನ್ನೆರಡು ಹೆಜ್ಜೆ ಇರುತ್ತದೆ. ನಾಲ್ಕನೆಯ ಹೆಜ್ಜೆ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ದಾರಿ ಇರುವುದಿಲ್ಲ. ಓದುಗ ನಂಬಿಕೆಯ ಮೇಲೆ ಹನ್ನೆರಡನೆಯದಕ್ಕೆ ಬಂದು ಅಲ್ಲಿ ಮುಗ್ಗರಿಸುತ್ತಾನೆ. ಎಡವಟ್ಟು ನಡೆದದ್ದು ನಾಲ್ಕರಲ್ಲಿ, ಅವನು ಹುಡುಕುವುದು ಹನ್ನೆರಡರಲ್ಲಿ.

ನನ್ನ ಮೇಜಿಗೆ ಬಂದ ಒಂದು ಹೆಜ್ಜೆ ಹೀಗಿತ್ತು: ‘ಸರ್ವಿಸನ್ನು ರೀಸ್ಟಾರ್ಟ್ ಮಾಡಿ.’ ಬರೆದುಕೊಟ್ಟ ಎಂಜಿನಿಯರಿಗೆ ಫೋನ್ ಮಾಡಿದೆ.

“ರೀಸ್ಟಾರ್ಟ್ ಆಯ್ತು ಅಂತ ಹೇಗೆ ಗೊತ್ತಾಗತ್ತೆ?”

“ಆಗತ್ತೆ ಮೇಡಂ.”

“ಏನು ಕಾಣತ್ತೆ?”

“ರನ್ನಿಂಗ್ ಅಂತ ಬರತ್ತೆ.”

“ಎಷ್ಟು ಹೊತ್ತಿಗೆ?”

“ಸ್ವಲ್ಪ ಹೊತ್ತು.”

“ಸ್ವಲ್ಪ ಅಂದ್ರೆ? ಟೀ ಕುಡಿದು ಬರಬಹುದಾ?”

ಅವರು ನಕ್ಕರು, ಸ್ಕ್ರೀನ್ ಶೇರ್ ಮಾಡಿ ಓಡಿಸಿ ತೋರಿಸಿದರು, ಅರ್ಧ ನಿಮಿಷ ಹಿಡಿಯಿತು. ಬಾರದಿದ್ದರೆ ಯಾಕೆ ಬಾರದು ಎಂದು ಕೇಳಿದ್ದಕ್ಕೆ, ನೂರಕ್ಕೆ ತೊಂಬತ್ತು ಸಲ ಅದೇ ಪೋರ್ಟನ್ನು ಇನ್ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ ಎಂದರು. ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ. ಕೊನೆಗೆ ಅಚ್ಚಾದದ್ದು ಹೀಗೆ: ‘ಸರ್ವಿಸನ್ನು ರೀಸ್ಟಾರ್ಟ್ ಮಾಡಿ. ಒಂದು ನಿಮಿಷದೊಳಗೆ ರನ್ನಿಂಗ್ ಎಂದು ಕಾಣಬೇಕು. ಕಾಣದಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಪೋರ್ಟ್ 8080 ಬೇರೆ ಪ್ರೋಗ್ರಾಂ ಬಳಿ ಇದೆಯೇ ನೋಡಿ.’ ಬರೆಯಲು ಹಿಡಿದದ್ದು ಐದು ನಿಮಿಷ. ಕೇಳಲು ಅರ್ಧ ದಿನ.

ಸಲಕರಣೆಗಳಿಗೇನೂ ಕೊರತೆಯಿಲ್ಲ. ಹಿಂದೆ ಫ್ರೇಮ್‌ಮೇಕರ್ ಇತ್ತು, ಈಗ ಬಹಳ ಕಡೆ ಮಾರ್ಕ್‌ಡೌನ್ ಮತ್ತು ಗಿಟ್. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಎಲ್ಲರ ಮಾನಕವಾದ ಡೀಟಾ ಎಂಬ ಪದ್ಧತಿಯಲ್ಲಂತೂ ಪ್ರತಿ ಹೆಜ್ಜೆಯ ಕೆಳಗೆ ‘ಸ್ಟೆಪ್ ರಿಸಲ್ಟ್’ ಎಂದು ಪ್ರತ್ಯೇಕ ಜಾಗವನ್ನೇ ಮಾಡಿಟ್ಟಿದ್ದಾರೆ; ಆಮೇಲಿನ ಆವೃತ್ತಿಯಲ್ಲಿ ಹೆಜ್ಜೆ ತಪ್ಪಿದರೆ ಏನು ಮಾಡಬೇಕೆಂದು ಬರೆಯಲು ಇನ್ನೊಂದು ಜಾಗ. ಬೇರೆಯವರ ಕಡತ ಸಿಕ್ಕರೆ ನಾನು ಮೊದಲು ಹುಡುಕುವುದು ಆ ಎರಡು ಜಾಗಗಳನ್ನು. ಬಹಳ ಸಲ ಖಾಲಿ. ವಿಮಾನ ರಿಪೇರಿಯ ಕೈಪಿಡಿಗಳಿಗೆ ಸರಳ ಇಂಗ್ಲಿಷಿನ ಒಂದು ಕಟ್ಟುನಿಟ್ಟಾದ ಮಾನಕವಿದೆ. ಕೆಲಸ ಹೇಳುವ ವಾಕ್ಯ ಇಪ್ಪತ್ತು ಪದ ಮೀರುವಂತಿಲ್ಲ. ಒಳ್ಳೆಯದೇ. ಆದರೆ ಹತ್ತೊಂಬತ್ತು ಪದಗಳಲ್ಲೂ ಏನನ್ನೂ ಹೇಳದೆ ಇರಬಹುದು.

ಈ ರುಚಿ ನನಗೆ ಹತ್ತಿದ್ದು ಬೆಂಗಳೂರಿನ ಆಫೀಸಿನಲ್ಲಲ್ಲ, ಭದ್ರಾವತಿಯಲ್ಲಿ. ಅಪ್ಪ ಐರನ್ ವರ್ಕ್ಸಿನವರು. ಹೆಸರು ಎಷ್ಟು ಸಲ ಬದಲಾದರೂ ಹಳಬರ ಬಾಯಲ್ಲಿ ಅದು ಇನ್ನೂ ಐರನ್ ವರ್ಕ್ಸೇ. 1918ರಲ್ಲಿ ಬೆಂಕಿಪುರ ಎಂಬ ಊರಿನ ಬಳಿ ವಿಶ್ವೇಶ್ವರಯ್ಯನವರು ಕನಸಿದ ಕಾರ್ಖಾನೆ, 1923ರಲ್ಲಿ ಕಬ್ಬಿಣ ಹರಿಸಿದ್ದು, 1989ರಲ್ಲಿ ಸೈಲ್ ಕೈಗೆ ಹೋದದ್ದು. ಮಿಶ್ರಲೋಹದ ಉಕ್ಕಿಗೆ ಹೆಸರಾದ ಜಾಗದಲ್ಲಿ ಯಾವ ಸರಳು ಯಾವ ಉಕ್ಕು ಎಂದು ಗುರುತಿಸುವುದು ದಿನದ ಕೆಲಸ. ಲ್ಯಾಬ್ ಇತ್ತು. ಲ್ಯಾಬಿಗೆ ಮುಂಚೆ ಕಣ್ಣಿತ್ತು. ಉಕ್ಕಿನ ತುಂಡನ್ನು ಗ್ರೈಂಡಿಂಗ್ ವೀಲಿಗೆ ಒತ್ತಿ, ಹಾರುವ ಕಿಡಿ ನೋಡಿ ಇಂಗಾಲ ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು.

ಇದನ್ನು ಬರೆದಿಡೋಣ ಎಂದು ಹೊರಟೆ. ಬಿ.ಎಚ್. ರಸ್ತೆಯ ಲೇತ್ ಅಂಗಡಿಯೊಂದರಲ್ಲಿ ಅಪ್ಪ ಒಂದು ಹಳೆಯ ಅರವನ್ನೂ ಒಂದು ಸಾದಾ ಕಬ್ಬಿಣದ ಸರಳನ್ನೂ ಚಕ್ರಕ್ಕೆ ಹಿಡಿದು ತೋರಿಸಿದರು. ನಾನು ಬರೆದುಕೊಂಡದ್ದನ್ನು ಓದಿ ಹೇಳಿದೆ: “ಇಂಗಾಲ ಹೆಚ್ಚಿದ್ದರೆ ಕಿಡಿಗಳು ಕವಲೊಡೆಯುತ್ತವೆ.”

“ಎಲ್ಲಾ ಕಿಡೀನೂ ಅಷ್ಟೋ ಇಷ್ಟೋ ಕವಲೊಡೆಯತ್ತೆ ಪುಟ್ಟಿ. ಎಲ್ಲಿ ಒಡೆಯತ್ತೆ ಅಂತ ಬರಿ. ಅರದ್ದು ಚಕ್ರದ ಹತ್ತಿರಾನೇ ಒಡೀತು, ಪೊದೆ ಥರ. ಸರಳಿಂದು ಉದ್ದಕ್ಕೆ ಹೋಯ್ತು, ತುದೀಲಿ ಒಂದೋ ಎರಡೋ.”

ಬರೆದೆ.

“ಬಿಸಿಲಲ್ಲಿ ನೋಡಬಾರದು, ಮಬ್ಬಿರಬೇಕು. ಅದು ಮೊದಲು ಬರಲಿ. ಒತ್ತೋದು ಒಂದೇ ಸಮ ಇರಬೇಕು. ಮತ್ತೆ, ಗೊತ್ತಿರೋ ತುಂಡೊಂದು ಪಕ್ಕದಲ್ಲೇ ಇರಬೇಕು.”

“ಯಾಕೆ?”

“ಇದು ಹೆಚ್ಚು ಅಂದ್ರೆ ಯಾವುದಕ್ಕಿಂತ ಹೆಚ್ಚು?”

ಟೆಕ್ನಿಕಲ್ ರೈಟಿಂಗಿನ ಕೋರ್ಸುಗಳಲ್ಲಿ ಯಾರೂ ನನಗೆ ಇದನ್ನು ಇಷ್ಟು ಚೊಕ್ಕವಾಗಿ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ‘ವೇಗವಾಗಿ’, ‘ದೊಡ್ಡ ಫೈಲ್’, ‘ಹೆಚ್ಚಿನ ಮೆಮೊರಿ’ ಎಂದು ಯಾರಾದರೂ ಬರೆದುಕೊಟ್ಟರೆ ಪಕ್ಕದಲ್ಲಿ ಗೊತ್ತಿರುವ ತುಂಡು ಇಡಲು ಕೇಳುತ್ತೇನೆ.

ಭದ್ರಾವತಿಯವರಿಗೆ ಹೀಗೆ ಬರೆದಿಡುವುದರ ಬೆಲೆ ಬೇರೆ ಕಾರಣಕ್ಕೂ ಗೊತ್ತು. 1936ರಲ್ಲಿ ಶುರುವಾದ ಪೇಪರ್ ಮಿಲ್ಲು 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ದೇಶದ ಪತ್ರಿಕೆಗಳಿಗೆ ಕಾಗದ ಕೊಟ್ಟ ಮಿಲ್ಲು ಅದು. ಯಂತ್ರಗಳು ಅಲ್ಲೇ ನಿಂತವು, ಅವುಗಳ ಗುಣ ಬಲ್ಲವರು ಮನೆಗೆ ಹೋದರು. ಯಂತ್ರದ ಜೊತೆ ಬಂದ ಕೈಪಿಡಿ ಎಲ್ಲೋ ಇದ್ದೀತು. ಕಾಗದದ ಹಾಳೆ ಯಾವಾಗ ಹರಿಯುತ್ತದೆ, ಹರಿಯುವ ಮುಂಚೆ ಯಂತ್ರದ ಸದ್ದು ಹೇಗೆ ಬದಲಾಗುತ್ತದೆ ಎಂಬಂಥವು ಅದರಲ್ಲಿ ಇರುವಂಥದ್ದಲ್ಲ. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳಿ ಹೋಗುವ ಮಾತುಗಳು ಅವು. ಸಾಫ್ಟ್‌ವೇರಿನಲ್ಲಿ ಇದೇ ಸಂಗತಿ ಮೂರು ತಿಂಗಳ ನೋಟಿಸ್ ಅವಧಿಯಲ್ಲಿ ನಡೆಯುತ್ತದೆ. ಹೊರಟವರ ಪಕ್ಕ ಕೂತು ಬರೆದುಕೋ ಎಂದು ನನ್ನನ್ನು ಕಳಿಸುವುದು ಸಾಮಾನ್ಯವಾಗಿ ಕೊನೆಯ ವಾರದಲ್ಲಿ.

ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಸಿಗುತ್ತಾರೆ. ಸಹ್ಯಾದ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರು, ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಮಾಡಿದವರು, ನವುಲೆಯ ಎಂಜಿನಿಯರಿಂಗ್ ಕಾಲೇಜಿನಿಂದ ಬಂದು ಕೋಡ್ ಬೇಡವಾದವರು. ಎಲ್ಲರಿಗೂ ಒಂದೇ ಭಯ: ನಮ್ಮ ಇಂಗ್ಲಿಷ್ ಸಾಕಾ? ಇಂಗ್ಲಿಷ್ ಬೇಕು, ನಿಜ, ಇಲ್ಲವೆನ್ನಲಾರೆ. ಆದರೆ ಸುಂದರವಾದ ಇಂಗ್ಲಿಷಿನವರು ಈ ಕೆಲಸದಲ್ಲಿ ಸೋತದ್ದನ್ನು ಕಂಡಿದ್ದೇನೆ. ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಮೂರನೆಯ ಸಲ ಕೇಳಲು ನಾಚಿಕೊಂಡವರು ಅವರು. ಕಿರಾಣಿ ಅಂಗಡಿಯಲ್ಲಿ ತೂಕದ ಬಗ್ಗೆ ಜಗಳವಾಡಬಲ್ಲವರು ಸಾಮಾನ್ಯವಾಗಿ ಗೆಲ್ಲುತ್ತಾರೆ.

ಇನ್ನೊಂದು ಭಯ ಹೊಸದು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕೆಲಸ ಉಳಿಯುತ್ತದಾ? 1953ರಲ್ಲಿ ಬೇರುಬಿಟ್ಟ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್ 2025ರ ಜನವರಿಯಲ್ಲಿ ಹಣಕಾಸು ಸಾಲದೆ ಬಾಗಿಲು ಹಾಕಿದ ಸುದ್ದಿ ಬಂದಾಗ ನಮ್ಮವರಲ್ಲಿ ಬಹಳ ಜನ ಇದನ್ನೇ ಕೇಳಿದರು. ನಾನು ಆ ಯಂತ್ರವನ್ನು ದಿನವೂ ಬಳಸುತ್ತೇನೆ. ಹೆಜ್ಜೆಗಳನ್ನು ಅದು ನನಗಿಂತ ಬೇಗ ಬರೆಯುತ್ತದೆ, ವ್ಯಾಕರಣವೂ ಚೆನ್ನ. ಪ್ರತಿ ಹೆಜ್ಜೆಯ ಕೆಳಗೆ ‘ಏನು ಕಾಣುತ್ತದೆ’ ಎಂದು ಬರೆಯಲು ಹೇಳಿದರೆ ಅದನ್ನೂ ಬರೆಯುತ್ತದೆ. ಆ ಪರದೆಯನ್ನು ಅದು ನೋಡಿಲ್ಲದಿದ್ದಾಗಲೂ ಬರೆಯುತ್ತದೆ, ಅದೇ ಗತ್ತಿನಲ್ಲಿ. ಹೀಗಾಗಿ ನನ್ನ ದಿನದಲ್ಲಿ ಬರವಣಿಗೆ ಕಡಿಮೆಯಾಗಿದೆ, ಚಾಕು ಅದ್ದುವ ಕೆಲಸ ಹೆಚ್ಚಾಗಿದೆ. ಮಾಲೀಕರು ಅದಕ್ಕೆ ಸಂಬಳ ಕೊಡಲು ಒಪ್ಪುವಷ್ಟು ದಿನ ಕೆಲಸ ಇರುತ್ತದೆ, ಒಪ್ಪದವರೂ ಇದ್ದಾರೆ.

ಕನ್ನಡದಲ್ಲಿ ಈ ಬಗೆಯ ಬರವಣಿಗೆ ಎಲ್ಲಿದೆ ಎಂದು ಓದುಗರೊಬ್ಬರು ಹಿಂದೊಮ್ಮೆ ಕೇಳಿದ್ದರು. ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಹುಡುಕುವುದರಿಂದ ಅಡುಗೆಯವರೆಗೆ ಎಲ್ಲಕ್ಕೂ ವಿಧಿ ಇದೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇವತ್ತಿನದೇ ಒಂದನ್ನು ಕಂಡೆ. ಶಿವಮೊಗ್ಗದ ಸೈಬರ್ ಸೆಂಟರೊಂದರಲ್ಲಿ ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಹಾಕಿಕೊಡುವ ಹುಡುಗನ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದೊಂದು ಅರ್ಜಿಗೂ ಒಂದು ಪುಟ. ‘ಓಟಿಪಿ ಎರಡು ನಿಮಿಷ ನೋಡು, ಬರದಿದ್ರೆ ಮತ್ತೆ ಒತ್ತಬೇಡ, ಪೇಜ್ ಮುಚ್ಚಿ ತೆಗಿ.’ ‘ಫೋಟೊ ಹೋಯ್ತು ಅಂತ ತೋರಿಸತ್ತೆ, ಹೋಗಿರಲ್ಲ. ಚಿಕ್ಕ ಚಿತ್ರ ಕಂಡರೆ ಮಾತ್ರ ಹೋಗಿದೆ.’ ‘ಹೆಸರಲ್ಲಿ ಚುಕ್ಕಿ ಇದ್ರೆ ಕೆಂಪು ಗೆರೆ ಬರತ್ತೆ, ಚುಕ್ಕಿ ತೆಗಿ.’ ನಿಂತಲ್ಲೇ ಮೂರು ಪುಟ ಓದಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು.

“ಇದನ್ನ ಒಂದು ದಿನ ಕೊಡ್ತೀಯಾ? ಜೆರಾಕ್ಸ್ ಮಾಡಿಸಿ ವಾಪಸ್ ಕೊಡ್ತೀನಿ” ಎಂದೆ.

“ಅದನ್ನ ಕೊಟ್ಟುಬಿಟ್ರೆ ಜನ ನನ್ನ ಹತ್ರ ಯಾಕೆ ಬರ್ತಾರೆ ಮೇಡಂ?” ಎಂದು ಹುಡುಗ ಪುಸ್ತಕ ಮುಚ್ಚಿ, ಕೀಬೋರ್ಡಿನ ಕೆಳಗೆ ಸರಿಸಿ, ಮುಂದಿನವರ ಆಧಾರ್ ಕಾರ್ಡಿಗೆ ಕೈಚಾಚಿದ.