ದರಿಯಾ ದೌಲತ್ತಿನ ಭಿತ್ತಿಪಾಠ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಮೂಡಲಲ್ಲಿ, ಕಾವೇರಿಗೆ ಸಮೀಪವಾಗಿ, ಟೀಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಎಂಬ ತೋಟದರಮನೆಯು ಇರುವುದು. ಅದನ್ನು ನೋಡಿಬಂದವರ ಮಾತುಗಳಲ್ಲಿ ಎರಡು ಪಕ್ಷಗಳುಂಟು. ಗೋಡೆಯ ಮೇಲಿರುವುದೆಲ್ಲವೂ ಸುಲ್ತಾನನ ಕಾಲದ ಚಿತ್ರವೆಂದು ನಂಬಿ ಕೊಂಡಾಡುವುದು ಒಂದು. ಮತ್ತೆ ಮತ್ತೆ ಬಣ್ಣ ಬಳಿದ ಈ ಗೋಡೆಯಲ್ಲಿ ಮೂಲವೆಂಬುದು ಏನೂ ಉಳಿದಿಲ್ಲವೆಂದು ತಳ್ಳಿಬಿಡುವುದು ಇನ್ನೊಂದು. ಹಳೆಯ ಗ್ರಂಥಗಳ ಓಲೆಪ್ರತಿಗಳೊಡನೆ ಬಳಕೆಯುಳ್ಳವರಿಗೆ ಈ ಎರಡು ಮಾತುಗಳೂ ಒಪ್ಪಿಗೆಯಾಗಲಾರವು. ಲಿಪಿಕಾರನು ಕೈಯಿಟ್ಟಿರುವನೆಂಬ ಮಾತ್ರದಿಂದ ಯಾರೂ ಕಾವ್ಯವನ್ನು ಬಿಸುಡುವುದಿಲ್ಲ. ಹಾಗೆಂದು ಪ್ರತಿಯಲ್ಲಿರುವುದೆಲ್ಲವೂ ಕವಿಯ ಮಾತೆಂದು ಒಪ್ಪುವುದೂ ಇಲ್ಲ. ಆದಕಾರಣ ಈ ಕಟ್ಟಡವನ್ನು ಬಹುಹಸ್ತಗಳಿಂದ ಬಂದ ಒಂದು ಪ್ರತಿಯಂತೆ ಓದತಕ್ಕುದೆಂಬುದೇ ಇಲ್ಲಿಯ ವಿಷಯ.

ಮೊದಲು ಕೃತಿಯ ಸ್ವರೂಪವನ್ನು ನೋಡೋಣ. ಎತ್ತರವಾದ ಜಗಲಿಯ ಮೇಲೆ ಬಹುಮಟ್ಟಿಗೆ ತೇಗದ ಮರದಿಂದ ನಿರ್ಮಿತವಾದ ಈ ಮನೆಗೆ ಸುತ್ತಲೂ ಕಂಬಸಾಲಿನ ಮೊಗಸಾಲೆಯಿದೆ. ಪಡುವಣ ಗೋಡೆಯ ಒಂದು ಪಾರ್ಶ್ವದಲ್ಲಿ ಹೈದರಲಿಯೂ ಟೀಪುವೂ ಪರಿವಾರಸಮೇತರಾಗಿ ಸಾಗುವ ಮೆರವಣಿಗೆಯನ್ನೂ, ಇನ್ನೊಂದರಲ್ಲಿ ಪೊಳ್ಳಿಲೂರಿನ ಯುದ್ಧವನ್ನೂ ಚಿತ್ರಿಸಿದೆ. ಈ ಯುದ್ಧವು 1780ನೆಯ ಸಪ್ಟೆಂಬರ್ 10ರಂದು ಕಾಂಚಿಯ ಬಳಿ ನಡೆದು, ಇಂಗ್ಲಿಷರ ಕರ್ನಲ್ ಬೈಲಿಯು ಸೋತು ಸೆರೆಸಿಕ್ಕಿದನು. ದಂಡಿಯು ಮಹಾಕಾವ್ಯಕ್ಕೆ ವಿಧಿಸಿರುವ ವರ್ಣನೆಗಳನ್ನು ಬಲ್ಲವರಿಗೆ ಇಲ್ಲಿ ಒಂದು ಕೌತುಕವು ಹೊಳೆಯದಿರದು. ಪ್ರಯಾಣ, ಆಜಿ, ನಾಯಕಾಭ್ಯುದಯ — ಆ ಪಟ್ಟಿಯ ಕೊನೆಯ ಮೂರೂ ಅದೇ ಕ್ರಮದಲ್ಲಿ ಗೋಡೆಯ ಮೇಲಿರುವುವು. ಉದ್ಯಾನವೋ ಗೋಡೆಯ ಮುಂದೆಯೇ ಇರುವುದು. ಚಿತ್ರಕಾರನು ಕಾವ್ಯಾದರ್ಶವನ್ನು ಓದಿದ್ದನೆಂದು ಇದರ ಅರ್ಥವಲ್ಲ. ರಾಜವೈಭವವನ್ನು ಹೇಳಬೇಕಾದವನಿಗೆ, ಅವನ ಭಾಷೆ ಯಾವುದೇ ಆಗಲಿ, ಮತ ಯಾವುದೇ ಆಗಲಿ, ಒದಗುವ ಸಾಮಗ್ರಿಯು ಬಲುಮಟ್ಟಿಗೆ ಒಂದೇ ಎಂದಷ್ಟೇ ಹೇಳಬಹುದು.

ಇನ್ನೂ ಸೂಕ್ಷ್ಮವಾದುದು ಶತ್ರುವಿನ ಚಿತ್ರಣ. ಹಗೆಯ ವಂಶವೀರ್ಯಾದಿಗಳನ್ನು ಮೊದಲು ಹೊಗಳಿ, ಬಳಿಕ ಅವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳುವ ಮಾರ್ಗವು ದಂಡಿಗೆ ಮೆಚ್ಚು. ಇಲ್ಲಿ ಇಂಗ್ಲಿಷರ ಸೇನೆಯು ಚದುರಿದ ಗುಂಪಾಗಿಲ್ಲ. ಚೌಕವಾಗಿ, ಸಾಲು ತಪ್ಪದೆ, ಕೋವಿ ಹಿಡಿದು ನಿಂತಿದೆ. ಅದರ ನಡುವೆ ಮದ್ದಿನ ಬಂಡಿಯು ಸಿಡಿಯುತ್ತಿದೆ. ಗಾಯಗೊಂಡ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳನ್ನು ಬಾಯಿಗಿಟ್ಟುಕೊಂಡಿರುವನು. ಆ ಬೆರಳು ಅವನ ವಿಸ್ಮಯದ ಅನುಭಾವ. ಭಯಾನಕಕ್ಕೆ ಎಳೆಯಬೇಕಾದ ಸನ್ನಿವೇಶವನ್ನು ಚಿತ್ರಕಾರನು ಅದ್ಭುತದ ಅಂಚಿನಲ್ಲಿ ನಿಲ್ಲಿಸಿರುವನು. ಎದುರಿಗೆ ಆನೆಯ ಮೇಲಿನ ಟೀಪುವು ಹೂವನ್ನು ಮೂಸುತ್ತಿರುವನು. ಪೊಳ್ಳಿಲೂರಿನ ಚಿತ್ರಪರಂಪರೆಯಲ್ಲಿ ಪ್ರಸಿದ್ಧವಾದ ಈ ಹೂವನ್ನು ರಣರಂಗದಲ್ಲಿ ಅನುಚಿತವೆಂದು ಹೇಳುವವರು ಚಿತ್ರವಿರುವ ಸ್ಥಳವನ್ನು ಮರೆತಿರುವರು. ತೋಟದ ನಡುವಣ ಮನೆಯ ಗೋಡೆಯಲ್ಲಿ ನಾಯಕನ ಕೈಯಲ್ಲಿ ಹೂವಿದ್ದರೆ, ನೋಡುವವನು ತಿರುಗಿದೊಡನೆ ಆ ಹೂವಿನ ಗಿಡಗಳೇ ಕಾಣತಕ್ಕುವು. ಯುದ್ಧವು ಉದ್ಯಾನಕ್ಕೆ ಅಂಗವಾಗಿ ಪರಿಣಮಿಸುವುದು ಈ ಒಂದು ವಸ್ತುವಿನಿಂದ.

ಇನ್ನು ಪಾಠವಿಚಾರ. ಈ ಚಿತ್ರಗಳು ಮುತ್ತಿಗೆಗೆ ಮುಂಚೆಯೇ ಅಳಿಸಲ್ಪಟ್ಟಿದ್ದುವೆಂದೂ, 1799ರ ಬಳಿಕ ಈ ಮನೆಯಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿಯು ಅವನ್ನು ಮತ್ತೆ ಬರೆಯಿಸಿದನೆಂದೂ, ಪುನಃ ಮಾಸಿಹೋಗಿದ್ದುವನ್ನು 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಹಿಂದಿನ ಚಿತ್ರದ ನೆನಪಿದ್ದ ದೇಶೀಯ ಚಿತ್ರಕಾರನೊಬ್ಬನು ಬರೆದನೆಂದೂ ತಿಳಿದುಬಂದಿದೆ. 1898ರಲ್ಲಿ ಪಂಪಭಾರತವನ್ನು ಅಚ್ಚಿಗೆ ತಂದ ರೈಸ್ ಸಾಹೇಬರೇ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಮನೆಯ ಚರಿತ್ರೆಯನ್ನೂ ಬರೆದಿರುವುದು ಉಚಿತವಾಗಿಯೇ ಇದೆ. ‘ನೆನಪಿದ್ದ’ ಎಂಬ ಮಾತನ್ನು ಸ್ವಲ್ಪ ತೂಗಿನೋಡಬೇಕು. ಮುತ್ತಿಗೆಗೆ ಮೊದಲೇ ಅಳಿಸಿದ ಚಿತ್ರವನ್ನು ಐವತ್ತು ವರ್ಷಗಳಿಗೂ ಮೀರಿದ ಮೇಲೆ ನೆನೆಯಬೇಕಾದರೆ ಅವನು ಬಹು ವೃದ್ಧನಾಗಿರಬೇಕು. ಹಾಗಲ್ಲವಾದರೆ ಅವನ ನೆನಪಿನಲ್ಲಿದ್ದುದು ವೆಲ್ಲೆಸ್ಲಿಯ ಪಾಠವೇ ಹೊರತು ಸುಲ್ತಾನನ ಪಾಠವಲ್ಲ. ಎಂದರೆ ಈಗ ಉಪಲಬ್ಧವಾಗಿರುವುದು ಪ್ರತಿಯ ಪ್ರತಿ.

ಆದರೆ ವಸ್ತುವು ಮೂಲದ್ದೆನ್ನಲು ಸಾಕ್ಷಿಯಿಲ್ಲದಿಲ್ಲ. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್ನನು ಮೆರವಣಿಗೆಯನ್ನೂ ಬೈಲಿಯ ಸೋಲನ್ನೂ ಮೈಸೂರು ಸೀಮೆಯ ನಾನಾ ಜಾತಿಯವರ ಉಡಿಗೆತೊಡಿಗೆಗಳನ್ನೂ ಗೋಡೆಗಳ ಮೇಲೆ ಕಂಡಂತೆ ಬರೆದಿರುವನು. ಪಡುವಣ ಗೋಡೆಗೆ ಇದಕ್ಕಿಂತ ಬಲವಾದ ಆಧಾರವು ಬೇಡ. ಮೂಡಣ ಗೋಡೆಯ ಮಾತು ಬೇರೆ. ಅಲ್ಲಿ ಸಾಲುಸಾಲಾಗಿ ಅರಸರ ಓಲಗಗಳಿವೆ: ತಂಜಾವೂರಿನ ಅರಸು, ಕಾಶಿಯ ಅರಸು, ಪೇಶ್ವೆ ಬಾಲಾಜಿರಾಯ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ. ಇವರೊಡನೆ ಮುಮ್ಮಡಿ ಕೃಷ್ಣರಾಜ ಒಡೆಯರದೆಂದು ತೋರಿಸುವ ಚಿತ್ರವೂ ಇದೆ. ಅವರು ಪಟ್ಟಕ್ಕೆ ಬಂದುದು ಟೀಪುವು ಮಡಿದ ಮೇಲೆ, 1799ರಲ್ಲಿ, ಐದು ವರ್ಷದ ಬಾಲಕರಾಗಿ. ಆ ಗುರುತು ಸರಿಯಾದರೆ, ಅಷ್ಟು ಭಾಗವು ನಿಸ್ಸಂದೇಹವಾಗಿ ಪ್ರಕ್ಷಿಪ್ತ. ಪ್ರಕ್ಷಿಪ್ತವೆಂದೊಡನೆ ಕಿತ್ತುಹಾಕಬೇಕಾದುದೇನೂ ಇಲ್ಲ. ಆವರಣದೊಳಗೆ ಇಟ್ಟು ಓದಬೇಕಾದುದು.

ಇಂಗ್ಲಿಷರ ಸೋಲನ್ನು ಇಂಗ್ಲಿಷ್ ಅಧಿಕಾರಿಗಳೇ ಎರಡು ಸಾರಿ ಬರೆಯಿಸಿ ಉಳಿಸಿದುದನ್ನು ಕೆಲವರು ವಿಚಿತ್ರವೆನ್ನುವರು. ಶಾಸ್ತ್ರಗ್ರಂಥಗಳಲ್ಲಿ ಇದು ನಿತ್ಯದ ಸಂಗತಿ. ಚಾರ್ವಾಕಮತವು ನಮಗೆ ತಿಳಿದಿರುವುದು ಬಹುಮಟ್ಟಿಗೆ ಸರ್ವದರ್ಶನಸಂಗ್ರಹದಂತಹ ಪರಪಕ್ಷದ ಗ್ರಂಥಗಳಿಂದಲ್ಲವೆ? ಗೆದ್ದವನು ಪೂರ್ವಪಕ್ಷವನ್ನು ಧಾರಾಳವಾಗಿ ಉದ್ಧರಿಸಬಲ್ಲನು. ಆದರೆ ಉದ್ಧರಿಸುವಾಗ ಅವನು ಏನನ್ನು ಮೃದುಗೊಳಿಸಿದನು, ಏನನ್ನು ಬಿಟ್ಟನು ಎಂಬ ಶಂಕೆಯು ಉಳಿದೇ ಉಳಿಯುವುದು. ಆ ಶಂಕೆಯನ್ನು ಪರಿಹರಿಸಲು ಈಗ ಒಂದು ಸಾಧನವಿದೆ. ಇದೇ ಯುದ್ಧವನ್ನು ಕಾಗದದ ಹಾಳೆಗಳ ಮೇಲೆ ಬರೆದ, ಸುಮಾರು 32 ಅಡಿ ಉದ್ದದ ಪ್ರತಿಯೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅದರ ಕಾಲನಿರ್ಣಯವೇನೇ ಆಗಲಿ, ಗೋಡೆಯೊಡನೆ ಆಕೃತಿ ಆಕೃತಿಗೂ ಇಟ್ಟು ಹೋಲಿಸಿದ ಪಾಠಾಂತರಸೂಚಿಯೊಂದು ಕನ್ನಡದಲ್ಲಿ ಹೊರಡುವುದು ಅವಶ್ಯಕ. ಇದು ಚಿತ್ರಕಾರರಿಗೆ ಮಾತ್ರ ಬಿಡುವ ಕೆಲಸವಲ್ಲ. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರೂ ಕೈಹಾಕಬೇಕು.

ಚಿತ್ರಕ್ಕಿಂತ ತೋಟದ ಪಾಠವೇ ಹೆಚ್ಚು ಕೆಟ್ಟಿದೆ. ನೇರವಾದ ದಾರಿಯೂ ಎಡಬಲಗಳ ಸಮತೆಯೂ ಉಳಿದಿವೆ. ಮಿಕ್ಕುದು ಸಮನಾಗಿ ಕತ್ತರಿಸಿದ ಹುಲ್ಲುಹಾಸು, ಊರೂರಿನ ಉಪವನಗಳಲ್ಲಿ ಕಾಣುವಂತಹುದು. ಇದೇ ದ್ವೀಪದ ಲಾಲ್‌ಬಾಗಿನ ಗತಿಯನ್ನು ನೆನೆದರೆ ಇಷ್ಟಾದರೂ ಉಳಿದುದಕ್ಕೆ ಸಮಾಧಾನಪಡಬೇಕು: ಅಲ್ಲಿಯ ಮರಗಳನ್ನು 1792ರ ಮುತ್ತಿಗೆಯ ಸಾಮಗ್ರಿಗಾಗಿ ಕಡಿದರು, ಅರಮನೆಯೂ ಕಾಲಾಂತರದಲ್ಲಿ ಇಲ್ಲವಾಯಿತು. ದರಿಯಾ ದೌಲತ್ತಿನಲ್ಲಿ ಬಿಸಿಲು ತಾಗದಂತೆ ಮೊಗಸಾಲೆಯ ಸುತ್ತ ಹಸುರು ತೆರೆಗಳನ್ನು ಇಳಿಬಿಟ್ಟಿರುವರು. ಬಣ್ಣದ ರಕ್ಷಣೆಗೆ ಇದು ಬೇಕಾದುದೇ. ಆದರೆ ತೆರೆಯು ಇಳಿದಾಗ ಚಿತ್ರದೊಳಗಣ ಹೂವಿಗೂ ಹೊರಗಣ ತೋಟಕ್ಕೂ ಇದ್ದ ಅನ್ವಯವು ಕಡಿದುಹೋಗುವುದು. ನೋಡುವವನಿಗೆ ಆಜಿಯು ಮಾತ್ರ ಉಳಿದು ಉದ್ಯಾನವು ಲೋಪವಾಗುವುದು. ಸೂರ್ಯನು ಮೂಡಲಲ್ಲಿದ್ದು ಪಡುವಣ ಗೋಡೆಗೆ ಬಿಸಿಲು ಇನ್ನೂ ತಾಗದಿರುವ ಮುಂಜಾವದ ಹೊತ್ತಿನಲ್ಲಾದರೂ ಆ ಭಾಗದ ತೆರೆಗಳನ್ನು ಎತ್ತಿಸಬಹುದೇ ಎಂಬುದನ್ನು ಪುರಾತತ್ತ್ವ ಇಲಾಖೆಯವರು ಪರಿಶೀಲಿಸಬೇಕು.

ಅಲ್ಲಿಂದ ಗುಂಬಜಿನ ಕಡೆಗೆ ಹೋಗುವವರು ಬೈಲಿಯ ಸ್ಮಾರಕವನ್ನೂ ನೋಡತಕ್ಕುದು. ಅವನು 1782ರಲ್ಲಿ ಈ ಊರಿನಲ್ಲಿಯೇ ಸೆರೆಯಾಳಾಗಿ ಸತ್ತನು. ಅವನ ಸೋದರಸಂಬಂಧದ ಮಗನು 1816ರಲ್ಲಿ ಅದನ್ನು ಕಟ್ಟಿಸಿದನು. ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತವನ ಕಥೆಗೆ ಇನ್ನೊಂದು ಪಕ್ಷದವರು ಬರೆಯಿಸಿದ ಉತ್ತರಭಾಗವು ಅದು.