ರಾಜಾಜಿಯವರ ಜೈಲು ದಿನಚರಿ: ವಿದ್ಯೆ ಅಂದ್ರೆ ಏನು?

ರಾಜಾಜಿ ಅಂದ್ರೆ ನಮ್ಮ ಕಡೆ ಜನಕ್ಕೆ ರಾಮಾಯಣ, ಭಾರತ ಬರೆದವರು ಅಂತ ಗೊತ್ತು. ಗವರ್ನರ್ ಜನರಲ್ ಆಗಿದ್ದವರು ಅಂತಾನೂ ಗೊತ್ತು. ಅದಕ್ಕೆಲ್ಲ ಮುಂಚೆ ಅವರು ಬರೆದ ಒಂದು ಪುಸ್ತಕ ಇದೆ, ಜೈಲು ದಿನಚರಿ. ವಾಚನಾಲಯದವರು ಏನಾದ್ರೂ ಬರ್ಕೊಡಿ ಅಂದಾಗ ನಾನು ಅದನ್ನೇ ಹಿಡ್ಕೊಂಡೆ. ನಾನು ಓದಿದ್ದು ಏಳನೇ ಕ್ಲಾಸು. ಮನೇಲಿ ಕನ್ನಡ, ಪಳ್ಳಿಕೂಡದಲ್ಲಿ ತಮಿಳು. ಕನ್ನಡ ಅಕ್ಷರ ಆಮೇಲೆ ಭಜನೆ ಪುಸ್ತಕ ನೋಡಿ ಕಲ್ತದ್ದು. ತಪ್ಪಿದ್ರೆ ತಿದ್ಕೊಂಡು ಓದಿ.

ರಾಜಾಜಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ರ ತೊರಪಳ್ಳಿಯಲ್ಲಿ. ಅದು ಕನ್ನಡವೂ ಕಿವಿಗೆ ಬೀಳೋ ಸೀಮೆ. ಓದಿದ್ದು ಹೊಸೂರು, ಬೆಂಗಳೂರು, ಮದ್ರಾಸು. ಸೇಲಂನಲ್ಲಿ ದೊಡ್ಡ ವಕೀಲರು. ಗಾಂಧಿಯವರ ಮಾತಿಗೆ ವಕೀಲಿ ಬಿಟ್ರು, ಮೂರು ತಿಂಗಳ ಶಿಕ್ಷೆ ಆಯ್ತು. ವೆಲ್ಲೂರು ಜೈಲಿನಲ್ಲಿ 1921ರ ಡಿಸೆಂಬರ್ 21ರಿಂದ 1922ರ ಮಾರ್ಚ್ 20ರವರೆಗೆ ಬರೆದದ್ದು ಈ ದಿನಚರಿ. ಅವರು ಇಂಗ್ಲಿಷಲ್ಲಿ ಬರೆದರು, ನಾನು ತಮಿಳಲ್ಲಿ ಓದಿದೆ.

ಮೊದಲು ಅದರ ಒಳ್ಳೇದು ಹೇಳ್ತೀನಿ. ಇದರಲ್ಲಿ ಭಾಷಣ ಕಮ್ಮಿ. ಜೈಲಿನ ಊಟ, ಪಕ್ಕದ ಕೈದಿಗಳು, ತನ್ನ ಉಬ್ಬಸ, ಕಂಡದ್ದನ್ನ ಕಂಡ ಹಾಗೆ ಬರೆದಿದ್ದಾರೆ. ನಾನು ಹಾಡೋನು. ಉಸಿರು ಎಲ್ಲಿ ತಗೋಬೇಕು ಅಂತ ಗೊತ್ತಿಲ್ಲದೆ ಬರೆದ ಪದ ನಡುರಾತ್ರಿಗೆ ಗಂಟಲು ಕಟ್ಟಿಸುತ್ತೆ. ರಾಜಾಜಿಯವರ ಮಾತು ಉಸಿರಿಗೆ ಸಿಗುತ್ತೆ. ಉಬ್ಬಸದ ಮನುಷ್ಯ, ಉಸಿರಿನ ಬೆಲೆ ಗೊತ್ತಿತ್ತೋ ಏನೋ.

ಇನ್ನು 1922ರ ಜನವರಿ 24ರ ಬರಹಕ್ಕೆ ಬರ್ತೀನಿ. ಸ್ವರಾಜ್ಯ ಬಂದ ಕೂಡಲೇ ಜನಕ್ಕೆ ಸುಖ ಬರೋದಿಲ್ಲ, ಚುನಾವಣೆ, ಲಂಚ, ದುಡ್ಡಿನ ದರ್ಬಾರು ಎಲ್ಲಾ ಬಂದು ಕೂರುತ್ತೆ ಅಂತ ಅವತ್ತೇ ಬರೆದಿಟ್ಟರು. ಸ್ವಾತಂತ್ರ್ಯಕ್ಕೆ ಇನ್ನೂ 25 ವರ್ಷ ಇತ್ತು. ಇದಕ್ಕೆ ಒಂದೇ ಮದ್ದು ಎಲ್ಲರಿಗೂ ವಿದ್ಯೆ ಅಂದ್ರು. ಓದಿ ಕೈ ಮುಗಿದೆ.

ಆದ್ರೆ ಮುಗಿದ ಕೈ ಅಲ್ಲೇ ನಿಲ್ಲಲಿಲ್ಲ. ಇದೇ ರಾಜಾಜಿ 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ. ಹಳ್ಳಿ ಪಳ್ಳಿಕೂಡಗಳಲ್ಲಿ ಚಿಕ್ಕ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ ಸಾಕು, ಉಳಿದ ಹೊತ್ತು ಅಪ್ಪನ ಕಸುಬು ಕಲೀಲಿ ಅಂತ ಯೋಜನೆ ತಂದ್ರು. ಮೇಷ್ಟ್ರು ಕಮ್ಮಿ, ದುಡ್ಡು ಕಮ್ಮಿ, ಎರಡು ಪಾಳಿ ಮಾಡಿದ್ರೆ ಹೆಚ್ಚು ಮಕ್ಕಳು ಕಲೀತಾರೆ ಅನ್ನೋದು ಅವರ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದ್ರೆ ನೇಯೋನ ಮಗ ಮಗ್ಗಕ್ಕೆ, ಉಳೋನ ಮಗ ನೇಗಿಲಿಗೆ ಅಂತಾಯ್ತು. ಇದು ಕುಲದ ವಿದ್ಯೆ ಅಂತ ಜನ ಎದ್ದರು. 1954ರಲ್ಲಿ ರಾಜಾಜಿ ಇಳಿದ್ರು, ಕಾಮರಾಜರು ಬಂದ್ರು, ಯೋಜನೆ ಹೋಯ್ತು.

ನಮ್ಮಣ್ಣ ಆಗ ಮೂರನೇ ಕ್ಲಾಸು. ನನಗಿಂತ 12 ವರ್ಷ ದೊಡ್ಡವನು. ಒಂದು ವರ್ಷ ಮಧ್ಯಾಹ್ನ ಎಮ್ಮೆ ಹಿಂದೆ ಹೋದೋನು, ಆಮೇಲೆ ಬೆಳಿಗ್ಗೇನೂ ಹೋಗ್ಲಿಲ್ಲ. ಇವತ್ತಿಗೂ ಅವನಿಗೆ ಹೆಸರು ಬರೆಯೋಕಷ್ಟೇ ಬರುತ್ತೆ. ನಾನು ಮಧ್ಯಾಹ್ನದ ಊಟದ ಕಾಲದಲ್ಲಿ ಹೋದೋನು, ಏಳರವರೆಗೆ ಎಳ್ಕೊಂಡು ಹೋದೆ. ಬಾವಿ ಬತ್ತಿದ ವರ್ಷ ನಿಂತೆ.

ಹಾಗಾದ್ರೆ ಬರೆದೋರು ಒಬ್ಬರು, ಆಳಿದೋರು ಇನ್ನೊಬ್ಬರೋ? ಬಹಳ ದಿನ ನಾನು ಹಾಗೇ ಅಂದ್ಕೊಂಡಿದ್ದೆ. ಈ ಸಲ ಮತ್ತೆ ಓದಿದಾಗ ಗೊತ್ತಾಯ್ತು, ಇಬ್ಬರೂ ಒಬ್ಬರೇ. ದಿನಚರಿಯಲ್ಲಿ ವಿದ್ಯೆ ಅಂದ ಕಡೆ ಅವರು ಕೇಳೋದು ಒಳ್ಳೆ ನಡತೆ, ದೈವಭಯ, ಪ್ರೀತಿ. ಅಕ್ಷರದ ಮಾತು ಅಲ್ಲಿ ಬರೋದಿಲ್ಲ. 1925ರಲ್ಲಿ ತಿರುಚೆಂಗೋಡಿನ ಹತ್ರ ಆಶ್ರಮ ಕಟ್ಟಿದ್ರು, 1929ರಲ್ಲಿ ವಿಮೋಚನಂ ಅಂತ ಪತ್ರಿಕೆ ತೆಗೆದು ಕುಡಿತ ಬಿಡಿ ಅಂತ ಬರೆದರು. ಅಲ್ಲೂ ಅದೇ, ಮನುಷ್ಯನ ನಡತೆ ತಿದ್ದಬೇಕು. ವಿದ್ಯೆ ಅಂದ್ರೆ ನಡತೆ ಅನ್ನೋರಿಗೆ, ಅಪ್ಪನ ಜೊತೆ ಗದ್ದೇಲಿ ಕಳೆದ ಅರ್ಧ ದಿನವೂ ವಿದ್ಯೆಯೇ. ಅವರ ಕಣ್ಣಿಗೆ ಅವರು ಏನನ್ನೂ ಕಿತ್ಕೊಳ್ಳಲಿಲ್ಲ. 1953ರ ಬೀಜ 1922ರ ಪುಸ್ತಕದಲ್ಲೇ ಇದೆ.

ನಡತೆ ನಮ್ಮಪ್ಪನ ಹತ್ರ ಬೇಕಾದಷ್ಟಿತ್ತು. ಸುಳ್ಳು ಹೇಳಿದೋನಲ್ಲ, ಕುಡಿದೋನಲ್ಲ. ಆದ್ರೂ ಪತ್ರದಲ್ಲಿ ಏನಿದೆ ಅಂತ ತಿಳೀದೆ ಹೆಬ್ಬೆಟ್ಟು ಒತ್ತಿ ಅರ್ಧ ಎಕರೆ ಕಳ್ಕೊಂಡ. ಅಕ್ಷರ ಇದ್ದೋರಿಗೆ ಅಕ್ಷರ ಸಣ್ಣದಾಗಿ ಕಾಣುತ್ತೆ, ಉಪ್ಪಿದ್ದ ಮನೇಲಿ ಉಪ್ಪಿನ ಮಾತು ಬರದ ಹಾಗೆ. ವೆಲ್ಲೂರು ಜೈಲಿನಲ್ಲಿ ಕಷ್ಟಪಟ್ಟೋರು ಎಷ್ಟೋ ಜನ. ಓದು ಇಲ್ಲದ ಕೈದಿಯ ಮೂರು ತಿಂಗಳು ಅವನ ಜೊತೆಗೇ ಹೋಯ್ತು. ರಾಜಾಜಿಯವರದ್ದು ನೂರು ವರ್ಷ ದಾಟಿ ನನ್ನ ಕೈಗೆ ಬಂತು.

ಅದಕ್ಕೇ ಹೇಳ್ತೀನಿ, ಈ ಪುಸ್ತಕ ಬಿಡಬೇಡಿ, ಓದಿ. ವಿದ್ಯೆ ಅಂತ ಬಂದ ಕಡೆ ನಿಂತು, ಯಾವ ವಿದ್ಯೆ ಅಂತ ಕೇಳಿ.

ಮಳೆ ಹಿಡಿದ ನಾಕು ಸಾಯಂಕಾಲ ಅಣ್ಣನಿಗೆ ಇಡೀ ದಿನಚರಿ ಕನ್ನಡದಲ್ಲಿ ಹೇಳ್ತಾ ಓದಿದೆ. ಮುಗಿದ ಮೇಲೆ ಸುಮ್ನೆ ಕೂತಿದ್ದ. ಆಮೇಲೆ ಅಂದ: “ಒಳ್ಳೇ ಮನುಷ್ಯ ಕಣೋ. ನೀನು ಓದದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ.”